ಬೀಗ ಬಿದ್ದ ಮನೆಯಲ್ಲಿ ನಾಯಿಮರಿ

ಮಳೆಗಾಲ ಮುಗಿದು ಚಳಿ ಬೀಳತೊಡಗಿತೆಂದರೆ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ನಾಯಿಗಳು ಮರಿ ಹಾಕುವ ಕಾಲ. ಗಟಾರದ ಮೇಲಿನ ಹಾಸುಗಲ್ಲಿನ ಕೆಳಗೆ, ಕಟ್ಟುತ್ತಿರುವ ಮನೆಯ ಉಸುಕಿನ ಗುಡ್ಡೆಯ ಹಿಂದೆ, ನಿಂತೇ ಬಿಟ್ಟಿರುವ ಹಳೆಯ ಜೀಪಿನ ಅಡಿಯಲ್ಲಿ ಕುಂಯ್ ಕುಂಯ್ ಸದ್ದು ಕೇಳಿಬರುತ್ತದೆ. ಸಾಲೆಯಿಂದ ಮರಳುವ ಮಕ್ಕಳ ಕಾಲು ಅಲ್ಲಿ ನಿಲ್ಲುತ್ತದೆ. ಮರುದಿನ ಡಬ್ಬಿಯಲ್ಲಿನ ಅರ್ಧ ಚಪಾತಿ ಅಲ್ಲಿಗೆ ಹೋಗುತ್ತದೆ. ವಾರದೊಳಗೆ ಮನೆಯಲ್ಲಿ ಮಾತು ಶುರುವಾಗುತ್ತದೆ.

‘ಅವ್ವಾ, ಒಂದ ಕುನ್ನಿ ತರೂಣಲ್ಲ? ನಾನ ಎಲ್ಲಾ ನೋಡ್ಕೋತೀನಿ.’

‘ಹೌದು, ಮದಲ ನಿನ್ನ ಹಾಸಿಗಿ ನೀನ ಸುತ್ತಿ ಇಡು. ಆಮ್ಯಾಲೆ ಕುನ್ನಿ ಮಾತು.’

ಅವ್ವ ಹಾಗೆನ್ನುವುದಕ್ಕೆ ಕಾರಣವಿದೆ. ಮರಿ ಯಾರ ಹೆಸರಿನಲ್ಲಿ ಬಂದರೂ ನೆಲ ಒರೆಸುವ ಅರಿವೆ ಕೊನೆಗೆ ಯಾರ ಕೈಗೆ ಬರುತ್ತದೆಂಬುದು ಅವಳಿಗೆ ಗೊತ್ತು. ಅದೂ ಈಗ ಅವಳೂ ನೌಕರಿಗೆ ಹೋಗುವವಳಾದರೆ ಹೇಳುವುದೇ ಬೇಡ.

ಹೀಗೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆ ಧಾರವಾಡದ ಸಪ್ತಾಪುರದಲ್ಲಿ. ಅಪ್ಪನ ಕಚೇರಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಅವ್ವ ನವನಗರದ ಸಾಲೆಯಲ್ಲಿ ಶಿಕ್ಷಕಿ. ಮಗ ಪಿಯುಸಿ, ಮಗಳು ಎಂಟನೆಯ ಇಯತ್ತೆ. ಮುಂಜಾನೆ ಒಂಬತ್ತಕ್ಕೆ ಬೀಗ ಬಿದ್ದರೆ ತೆರೆಯುವುದು ಸಂಜೆ ಐದೂವರೆಗೆ. 2018ರಿಂದ ಓಡುತ್ತಿರುವ ಚಿಗರಿ ಬಸ್ಸು ಎರಡೂ ಊರುಗಳನ್ನು ಎಷ್ಟೇ ಹತ್ತಿರ ತಂದಿದ್ದರೂ, 22 ಕಿಲೋಮೀಟರಿನ ಆ ದಾರಿಯಲ್ಲಿ ಮಧ್ಯಾಹ್ನ ಮನೆಗೆ ಬಂದು, ಮರಿಯನ್ನು ಹೊರಗೆ ಬಿಟ್ಟು, ಮತ್ತೆ ಕಚೇರಿ ಸೇರುವುದು ಆಗುಹೋಗದ ಮಾತು. ಇಂಥ ಮನೆಗೆ ಎರಡು ತಿಂಗಳ ಮರಿ ಬಂದರೆ ಏನಾಗುತ್ತದೆ?

ಮೊದಲ ದಿನ ಸಂಜೆ ಬಾಗಿಲು ತೆರೆದಾಗ ನೆಲದ ಮೇಲೆ ನಾಲ್ಕು ಕಡೆ ನೀರು, ಎರಡು ಕಡೆ ಗಟ್ಟಿ, ಅದರ ಮೇಲೆಯೇ ಓಡಾಡಿದ ಪುಟ್ಟ ಹೆಜ್ಜೆಗಳು, ನಡುವೆ ಬಾಲ ಅಲ್ಲಾಡಿಸುತ್ತ ಓಡಿಬರುವ ಮರಿ. ಮೊದಲ ದಿನ ಎಲ್ಲರೂ ನಗುತ್ತಾರೆ. ಎಂಟನೆಯ ದಿನ ಯಾರೂ ನಗುವುದಿಲ್ಲ. ತಿಂಗಳಾಗುವಷ್ಟರಲ್ಲಿ ಮರಿ ಹಿತ್ತಲಿನ ಕಂಬಕ್ಕೆ ಕಟ್ಟಿಸಿಕೊಂಡಿರುತ್ತದೆ. ಇಲ್ಲವೇ ಒಂದು ರಾತ್ರಿ ಗೋಣಿಚೀಲದಲ್ಲಿ ಕುಳಿತು ಊರಾಚೆಯ ಧಾಬಾದ ಬಳಿ ಇಳಿದಿರುತ್ತದೆ. ಮನೆಯ ಅನ್ನ ಉಂಡು ಬೆಳೆದ ಮರಿಗೆ ಬೀದಿಯ ಕಾನೂನು ತಿಳಿಯದು. ಅಲ್ಲಿಯ ನಾಯಿಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ನೆಲದ ಮೇಲಿನ ನಾಲ್ಕು ಹನಿ ನೀರಿನಿಂದ ಶುರುವಾದದ್ದು ಹೀಗೆ ಒಂದು ಜೀವಕ್ಕೇ ಬಂದು ನಿಲ್ಲುತ್ತದೆ. ಪ್ರಾಣಿಯನ್ನು ಸಾಕಿ ಹೀಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ತಾಸಿನ ಲೆಕ್ಕ

‘ನಮ್ಮ ಮರಿ ಭಾಳ ಹಟಮಾರಿರೀ, ಬೇಕಂತಲೇ ಒಳಗ ಮಾಡ್ತದ’ ಎನ್ನುವವರನ್ನು ನೀವು ಕೇಳಿರಬಹುದು. ಮರಿಗೆ ಹಟವಿಲ್ಲ, ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಹುಟ್ಟಿದ ಮೊದಲ ಎರಡು-ಮೂರು ವಾರ ತಾನಾಗಿ ಒಂದಕ್ಕೆ ಹೋಗುವುದಕ್ಕೂ ಅದಕ್ಕೆ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಹೋಗುತ್ತದೆ, ತಾಯಿಯೇ ಅದನ್ನು ಸ್ವಚ್ಛ ಮಾಡುತ್ತಾಳೆ. ಮೂರನೆಯ ವಾರದ ಸುಮಾರಿಗೆ ಕಾಲು ಗಟ್ಟಿಯಾದಂತೆ ಮಲಗುವ ಜಾಗ ಬಿಟ್ಟು ತುಸು ದೂರ ಹೋಗಲು ಕಲಿಯುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮಲಗುವಲ್ಲಿ ಹೊಲಸು ಮಾಡಬಾರದೆಂಬುದು ನಾಯಿಗೆ ಹುಟ್ಟಿನಿಂದ ಬಂದ ಬುದ್ಧಿ. ನಾವು ಮಾಡಬೇಕಾದುದು ಇಷ್ಟೇ: ಆ ‘ಮಲಗುವ ಜಾಗ’ವನ್ನು ಇಡೀ ಮನೆಗೆ ಹಿಗ್ಗಿಸಿ ತೋರಿಸುವುದು.

ಎಷ್ಟು ಹೊತ್ತು ತಡೆದೀತು? ಪಶುವೈದ್ಯರು ಹೇಳುವ ಒಂದು ಸುಲಭ ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳೋ ಅಷ್ಟು ತಾಸು, ಮೇಲೊಂದು. ಎರಡು ತಿಂಗಳ ಮರಿ ಮೂರು ತಾಸು, ಮೂರು ತಿಂಗಳದ್ದು ನಾಲ್ಕು ತಾಸು. ಇದೂ ಸುಮ್ಮನೆ ಬಿದ್ದುಕೊಂಡಿದ್ದಾಗಿನ ಹೆಚ್ಚೆಂದರೆ ಹೆಚ್ಚಿನ ಮಾತು. ಆಡುತ್ತಿರುವ ಮರಿಗೆ ಅರ್ಧ ತಾಸೂ ಹೆಚ್ಚೇ. ಈಗ ಸಪ್ತಾಪುರದ ಮನೆಗೆ ಬನ್ನಿ. ಒಂಬತ್ತರಿಂದ ಐದೂವರೆಗೆ ಎಂಟೂವರೆ ತಾಸು. ಎರಡು ತಿಂಗಳ ಮರಿಗೆ ನಡುವೆ ಎರಡು ಸಲವಾದರೂ ಬಾಗಿಲು ತೆರೆಯಬೇಕು. ನಾಲ್ಕು ತಿಂಗಳಾದರೂ ಒಂದು ಸಲ ಬೇಕೇ ಬೇಕು. ಪಾಲಕರು ಸಿಟ್ಟಾಗುವ ಮೊದಲು ಮಾಡಬೇಕಾದ ಗಣಿತ ಇದು. ಎಂಟೂವರೆ ತಾಸು ಬೀಗ ಹಾಕಿ ಹೋಗಿ, ಬಂದು ಮರಿಯನ್ನು ಬಯ್ಯುವುದೆಂದರೆ, ಒಂದನೆಯ ಇಯತ್ತೆಯ ಕೂಸನ್ನು ದಿನವಿಡೀ ವರ್ಗದಲ್ಲಿ ಕೂಡಿಹಾಕಿ ಚಡ್ಡಿ ಒದ್ದೆಯಾಯಿತೆಂದು ಹೊಡೆದಂತೆ.

ಅಜ್ಜಿಯಂದಿರು ಒಂದು ಮಾತು ಕೇಳುತ್ತಾರೆ: ‘ನಮ್ಮ ಕಾಲಕ್ಕ ನಾಯಿಗೆ ಇದನ್ನೆಲ್ಲಾ ಯಾರ ಕಲಿಸ್ತಿದ್ರು?’ ನ್ಯಾಯವಾದ ಪ್ರಶ್ನೆ. ಯಾರೂ ಕಲಿಸುತ್ತಿರಲಿಲ್ಲ, ಏಕೆಂದರೆ ಆಗ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಮಾಳಮಡ್ಡಿಯ ಹಳೆಯ ಮನೆಗಳಿಗೆ ಮುಂದೆ ಅಂಗಳ, ಹಿಂದೆ ಹಿತ್ತಲು. ನಾಯಿ ಕಟ್ಟೆಯ ಮೇಲೆ ಮಲಗುತ್ತಿತ್ತು, ಬೇಕಾದಾಗ ಎದ್ದು ಹೋಗುತ್ತಿತ್ತು. ಹಳ್ಳಿಯಲ್ಲಿ ಈಗಲೂ ಹಾಗೆಯೇ. ಮುಧೋಳದ ಬೇಟೆನಾಯಿ, ಅಂದರೆ 2005ರಲ್ಲಿ ಅಂಚೆ ಇಲಾಖೆ ಚೀಟಿ ಹೊರಡಿಸಿ ಗೌರವಿಸಿದ ನಮ್ಮದೇ ಬಾಗಲಕೋಟೆ ಸೀಮೆಯ ತಳಿ, ಹೊಲದಂಚಿನಲ್ಲಿ ಓಡಿ ಬೆಳೆದದ್ದು. ಅದಕ್ಕೆ ನುಣ್ಣನೆಯ ಟೈಲ್ಸಿನ ಪರಿಚಯವೇ ಇಲ್ಲ. ಅದನ್ನು ತಂದು ಕೇಶ್ವಾಪುರದ ಎರಡನೆಯ ಮಹಡಿಯ ಮನೆಯಲ್ಲಿ ಕೂಡಿಹಾಕಿ ‘ಮುಧೋಳ ನಾಯಿಗೆ ಶಿಸ್ತಿಲ್ಲ’ ಎಂದರೆ ತಪ್ಪು ನಾಯಿಯದಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಮುಧೋಳ ಮರಿ ತರಲೇಬೇಕೆನ್ನುವವರು ಅಲ್ಲಿಗೊಮ್ಮೆ ಹೋಗಿ ಆ ನಾಯಿಗಳು ಓಡುವುದನ್ನು ಕಣ್ಣಾರೆ ಕಂಡು, ಆಮೇಲೆ ತಮ್ಮ ಮನೆಯ ಪಡಸಾಲೆಯನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ರಜೆಯೇ ಮುಹೂರ್ತ

ಮರಿ ಎಂದು ತರಬೇಕು? ಎಂಟು ವಾರಕ್ಕಿಂತ ಮೊದಲು ಬೇಡ. ಅಷ್ಟರವರೆಗೆ ಅದು ತಾಯಿಯೊಂದಿಗೂ ಒಡಹುಟ್ಟಿದವರೊಂದಿಗೂ ಇರಬೇಕು. ಎಂಟು ವಾರದೊಳಗಿನ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳೂ ಹೇಳುತ್ತವೆ. ಇನ್ನೊಂದು ಕಾರಣವೂ ಉಂಟು. ಸುಮಾರು ಎಂಟೂವರೆ ವಾರದ ಹೊತ್ತಿಗೆ ಕಾಲಡಿ ಎಂಥ ನೆಲವಿದ್ದರೆ ಅಲ್ಲಿ ಕೂಡ್ರಬೇಕೆಂಬುದು ಮರಿಯ ತಲೆಯಲ್ಲಿ ಗಟ್ಟಿಯಾಗತೊಡಗುತ್ತದೆ. ಮಣ್ಣಿನ ಮೇಲೆ ಕಲಿತದ್ದು ಮಣ್ಣು ಹುಡುಕುತ್ತದೆ. ಸಿಮೆಂಟಿನ ಗೂಡಿನಲ್ಲಿ ಬೆಳೆದದ್ದು ನಿಮ್ಮ ಮನೆಯ ನೆಲವನ್ನೇ ಮೋರಿ ಎಂದುಕೊಳ್ಳುತ್ತದೆ. ಈ ವಿಷಯದಲ್ಲಿ ಉಸುಕಿನ ಗುಡ್ಡೆಯ ಹಿಂದೆ ಹುಟ್ಟಿದ ಓಣಿಯ ಕುನ್ನಿ, ಸಾವಿರಾರು ರೂಪಾಯಿ ಕೊಟ್ಟು ತಂದ ಗೂಡಿನ ಮರಿಗಿಂತ ಒಂದು ವರ್ಗ ಮುಂದೆಯೇ ಇರುತ್ತದೆಂದು ನನ್ನ ಅಭಿಪ್ರಾಯ.

ಮರಿ ಬಂದ ಮೊದಲ ಎರಡು ವಾರ ಮನೆಯಲ್ಲಿ ಒಬ್ಬರಾದರೂ ಇರಬೇಕು. ವಿದ್ಯಾರ್ಥಿಗಳಿರುವ ಮನೆಗೆ ದಸರಾ ರಜೆ ಅಥವಾ ಏಪ್ರಿಲ್-ಮೇ ರಜೆಯೇ ಸರಿಯಾದ ಮುಹೂರ್ತ. ‘ಎಲ್ಲಾ ನಾನ ನೋಡ್ಕೋತೀನಿ’ ಎಂದ ಮಗನ ಮಾತಿಗೂ ಆಗ ಪರೀಕ್ಷೆಯಾಗುತ್ತದೆ. ಎಸ್.ಎಸ್.ಎಲ್.ಸಿ., ಪಿಯುಸಿಯವರು ಓದಲು ಮನೆಯಲ್ಲಿ ಕುಳಿತಿರುವ ದಿನಗಳೂ, ವಿಚಿತ್ರವೆನಿಸಿದರೂ, ಕೆಟ್ಟ ಕಾಲವಲ್ಲ. ಎರಡು ತಾಸು ಓದಿದ ಮೇಲೆ ಹತ್ತು ನಿಮಿಷ ಅಂಗಳಕ್ಕೆ ಹೋಗಿ ಬರುವುದು ಓದುವವನಿಗೂ ಬೇಕು, ಮರಿಗೂ ಬೇಕು. ಆದರೆ ಆ ಹತ್ತು ನಿಮಿಷ ಅರ್ಧ ದಿನವಾಗದಂತೆ ಅವ್ವನ ಒಂದು ಕಣ್ಣು ಇರಲಿ.

ಕಲಿಸುವ ಕ್ರಮದಲ್ಲಿ ಗುಟ್ಟೇನಿಲ್ಲ. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು-ಇಪ್ಪತ್ತು ನಿಮಿಷಕ್ಕೆ, ಆಡಿ ದಣಿದ ಮೇಲೆ, ರಾತ್ರಿ ಮಲಗುವ ಮುನ್ನ — ಈ ನಾಲ್ಕು ಹೊತ್ತು ತಪ್ಪಿಸಬಾರದು. ಮುಂಜಾನೆ ಎದ್ದಾಗ ನಡೆಸಿಕೊಂಡು ಹೋಗುವುದಲ್ಲ, ಎತ್ತಿಕೊಂಡೇ ಹೋಗಬೇಕು. ಬಾಗಿಲವರೆಗೂ ಅದು ತಡೆಯದು. ದಿನವೂ ಅದೇ ಮೂಲೆ, ಅದೇ ಗಿಡದ ಬುಡ. ಹಳೆಯ ವಾಸನೆ ಅದಕ್ಕೆ ಜಾಗ ನೆನಪಿಸುತ್ತದೆ. ಕೂಡ್ರುವಾಗ ಒಂದೇ ಶಬ್ದ, ‘ಹೋಗು’ ಎಂದೋ ‘ಮಾಡು’ ಎಂದೋ, ಮೆಲ್ಲಗೆ ಹೇಳಿ. ಮನೆಯವರೆಲ್ಲರ ಬಾಯಲ್ಲೂ ಅದೇ ಶಬ್ದವಿರಲಿ. ಅಪ್ಪ ಇಂಗ್ಲಿಷಿನಲ್ಲಿ, ಅಜ್ಜಿ ಕನ್ನಡದಲ್ಲಿ, ಮಗಳು ಟಿ.ವಿ.ಯ ಹಿಂದಿಯಲ್ಲಿ ಹೇಳಿದರೆ ಮರಿ ಮೂವರ ಮುಖವನ್ನೂ ನೋಡುತ್ತ ಕುಳಿತುಕೊಳ್ಳುತ್ತದೆ. ಮುಗಿಸಿದ ಕ್ಷಣಕ್ಕೇ ತಲೆ ಸವರಿ, ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ಎರಡು ಸೆಕೆಂಡಿನೊಳಗೆ ಸಿಕ್ಕ ತಿನಿಸಿಗೂ ತಾನು ಮಾಡಿದ ಕೆಲಸಕ್ಕೂ ಮರಿ ಸಂಬಂಧ ಕಟ್ಟಿಕೊಳ್ಳುತ್ತದೆ. ಒಳಗೆ ಬಂದು ಫ್ರಿಜ್ಜು ತೆಗೆದು ಕೊಟ್ಟರೆ, ಫ್ರಿಜ್ಜಿನ ಮುಂದೆ ನಿಲ್ಲುವುದನ್ನು ಕಲಿಯುತ್ತದೆ ಅಷ್ಟೆ.

ಊಟದ ಮಾತು ಬಂದಿತು. ಎರಡು-ಮೂರು ತಿಂಗಳ ಮರಿಗೆ ದಿನಕ್ಕೆ ಮೂರು-ನಾಲ್ಕು ಸಲ, ಗಡಿಯಾರ ನೋಡಿ ಹಾಕಬೇಕು. ಹೊತ್ತಿಗೆ ಸರಿಯಾಗಿ ಒಳಗೆ ಹೋದದ್ದು ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಈ ಪಾಠ ಕೆಡುವುದು ಹೆಚ್ಚಾಗಿ ಹಾಲಿನಿಂದ. ಮರಿ ಎಂದರೆ ಹಾಲು ಎಂದೇ ನಮ್ಮ ಭಾವನೆ. ತಾಯಿಯ ಹಾಲು ಬಿಟ್ಟ ಮೇಲೆ ಬಹಳಷ್ಟು ಮರಿಗಳಿಗೆ ಆಕಳ, ಎಮ್ಮೆಯ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಸಡಿಲಾಗುತ್ತದೆ. ಹೊಟ್ಟೆ ಕೆಟ್ಟ ಮರಿಗೆ ಯಾವ ಗುರು ಏನು ಕಲಿಸಿಯಾನು? ಪ್ರೀತಿ ಉಕ್ಕಿ ಧಾರವಾಡದ ಪೇಢೆ ತಿನ್ನಿಸುವ ಮಕ್ಕಳೂ ಇದ್ದಾರೆ. ಪೇಢೆ ಮಕ್ಕಳಿಗಿರಲಿ. ಚಾಕಲೇಟು, ದ್ರಾಕ್ಷಿ, ಉಳ್ಳಾಗಡ್ಡಿ ನಾಯಿಗೆ ವಿಷ, ನೆನಪಿರಲಿ.

ಮಧ್ಯಾಹ್ನದ ಕೀಲಿಕೈ

ರಜೆ ಮುಗಿಯುತ್ತದೆ, ಬೀಗ ಮತ್ತೆ ಬೀಳುತ್ತದೆ. ಆಗೇನು? ಮನೆಯವರೆಲ್ಲ ಒಂದು ಸಂಜೆ ಕುಳಿತು ಯಾರ ಹೊತ್ತು ಯಾವಾಗ ಖಾಲಿ ಎಂದು ಬರೆಯಿರಿ. ಕೆಲವು ಕಾಲೇಜುಗಳು ಮುಂಜಾನೆಯ ಹೊತ್ತಿನವು. ಮಗ ಮಧ್ಯಾಹ್ನ ಒಂದಕ್ಕೆ ಮನೆಗೆ ಬರುವವನಾದರೆ ಅರ್ಧ ಸಮಸ್ಯೆ ಮುಗಿಯಿತು. ಅವನ ಟ್ಯೂಶನ್ನಿನ ವೇಳೆಯನ್ನು ಅರ್ಧ ತಾಸು ಹಿಂದೆ ಮುಂದೆ ಮಾಡಿದರಾಯಿತು. ಇಲ್ಲವಾದರೆ ಎದುರು ಮನೆ. ‘ಕಾಕೂ, ಹನ್ನೆರಡಕ್ಕ ಒಮ್ಮೆ, ಮೂರಕ್ಕ ಒಮ್ಮೆ ಬಾಗಲಾ ತಗದು ಹಿತ್ತಲಿಗೆ ಬಿಡ್ತೀರೇನ್ರಿ?’ ಎಂದು ಕೇಳಲು ಸಂಕೋಚವೇಕೆ? ಮೂರೂವರೆಗೆ ಸಾಲೆ ಬಿಡುವ ಎದುರು ಮನೆಯ ಹುಡುಗನಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ಕೀಲಿಕೈ ಒಪ್ಪಿಸುವುದರಲ್ಲೂ ತಪ್ಪಿಲ್ಲ, ಅವನ ಅವ್ವ-ಅಪ್ಪನ ಒಪ್ಪಿಗೆ ಇದ್ದರೆ. ಈ ಏರ್ಪಾಡು ಬೇಕಾದದ್ದು ನಾಲ್ಕೈದು ತಿಂಗಳು ಮಾತ್ರ. ಆರೇಳು ತಿಂಗಳ ನಾಯಿಗೆ ಮಧ್ಯಾಹ್ನದ ಒಂದು ಸಲ ಸಾಕಾಗುತ್ತದೆ.

ಯಾರೂ ಸಿಗದ ದಿನಕ್ಕೆ ಒಂದು ದಾರಿಯಿದೆ. ಇಡೀ ಮನೆ ಬಿಡದೆ, ಬಚ್ಚಲ ಮುಂದಿನ ಓಣಿಯನ್ನೋ ಹಿಂದಿನ ವರಾಂಡವನ್ನೋ ಹಲಗೆ ಅಡ್ಡ ಇಟ್ಟು ಮರಿಗೆ ಬಿಟ್ಟುಕೊಡಿ. ಒಂದು ತುದಿಗೆ ಗೋಣಿತಟ್ಟು ಮತ್ತು ನೀರಿನ ಬೋಗುಣಿ, ಇನ್ನೊಂದು ತುದಿಗೆ ಹಳೆಯ ಪತ್ರಿಕೆ. ಈ ಪುರವಣಿಯೂ ಆ ಸೇವೆಗೆ ಸಲ್ಲುತ್ತದೆ, ಲೇಖಕರ ಅಭ್ಯಂತರವೇನಿಲ್ಲ. ಆದರೆ ಕಾಗದದ ಮೇಲೆ ಕಲಿತ ಮರಿ ಮುಂದೆ ನೆಲದ ಮೇಲೆ ಬಿದ್ದ ಕಾಗದವನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ. ಅದರಲ್ಲಿ ಮಗಳ ಹೋಂವರ್ಕೂ ಇರಬಹುದು. ಅದಕ್ಕಿಂತ ಅಗಲವಾದ, ಅಂಚು ಗಿಡ್ಡಗಿರುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಅಂಗಳದ್ದೇ ಮಣ್ಣು ತುಂಬಿ ಇಡುವುದು ಮೇಲು. ಕಾಲಡಿಯ ಸ್ಪರ್ಶ ಒಂದೇ ಆದ್ದರಿಂದ ಟಬ್ಬಿನಿಂದ ಅಂಗಳಕ್ಕೆ ಸುಲಭವಾಗಿ ಬಡ್ತಿ ಸಿಗುತ್ತದೆ. ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಏಪ್ರಿಲ್ಲಿನ ಹುಬ್ಬಳ್ಳಿಯ ಸೆಕೆಯಲ್ಲಿ ಮರಿಯನ್ನು ನೀರಿಲ್ಲದೆ ಕೂಡಿಹಾಕಿದರೆ ಒಣಗಿದ ನೆಲ ಸಿಗಬಹುದು, ಮರಿ ಸಿಗಲಿಕ್ಕಿಲ್ಲ. ಸರಪಳಿಯಿಂದ ಕಟ್ಟುವುದೂ ಬೇಡ. ಕಟ್ಟಿದ ಮರಿ ಮಲಗುವಲ್ಲೇ ಮಾಡಬೇಕಾಗುತ್ತದೆ, ಮಲಗುವ ಜಾಗದ ಮೇಲಿನ ಅದರ ಹುಟ್ಟುಬುದ್ಧಿಯೇ ಸತ್ತುಹೋಗುತ್ತದೆ. ಆಮೇಲೆ ಕಲಿಸುವುದು ಬಹಳ ಕಷ್ಟ.

ಮೂಗು ತಿಕ್ಕುವ ಪದ್ಧತಿ

ಸಂಜೆ ಬಂದು ನೋಡಿದಾಗ ನೆಲ ಒದ್ದೆ. ಮರಿಯ ಕುತ್ತಿಗೆ ಹಿಡಿದು ಅದರ ಮೂಗನ್ನು ಅಲ್ಲಿ ತಿಕ್ಕಿ ಎರಡು ಏಟು ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು, ಅಷ್ಟೇ ನಿರುಪಯೋಗಿ. ಮೂರು ತಾಸಿನ ಹಿಂದಿನ ಕೆಲಸಕ್ಕೂ ಈಗಿನ ಏಟಿಗೂ ಸಂಬಂಧ ಅದಕ್ಕೆ ಹೊಳೆಯುವುದಿಲ್ಲ. ‘ಅಲ್ಲರೀ, ತಪ್ಪು ಮಾಡೇನಂತ ಅದಕ್ಕ ಗೊತ್ತದ, ಮಾರಿ ನೋಡ್ರಿ ಹೆಂಗ ಮಾಡ್ತದ’ ಎನ್ನುವವರಿಗಾಗಿ ಒಂದು ಪ್ರಯೋಗದ ಮಾತು. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ನಾಯಿಗಳ ಈ ‘ತಪ್ಪಿತಸ್ಥ ಮುಖ’ವನ್ನೇ ಪರೀಕ್ಷೆಗೆ ಹಚ್ಚಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿನ್ನಬೇಡವೆಂದು ಹೇಳಿ ಇಟ್ಟ ತಿನಿಸನ್ನು ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವಿರಲಿಲ್ಲ. ಮಾಲೀಕ ಬಯ್ದಾಗ ಆ ಮುಖ ಬರುತ್ತಿತ್ತು. ತಿನ್ನದೆ ಇದ್ದ ನಾಯಿಯೂ ಬಯ್ಯಿಸಿಕೊಂಡರೆ ಅದೇ ಮುಖ ಮಾಡುತ್ತಿತ್ತು. ಅಂದರೆ ಬಾಗಿದ ತಲೆ, ಹಿಂದಕ್ಕೆ ಹೋದ ಕಿವಿ ಪಶ್ಚಾತ್ತಾಪವಲ್ಲ, ನಿಮ್ಮ ದನಿಯ ಭಯ.

ಏಟು ತಿಂದ ಮರಿ ಒಂದನ್ನು ಮಾತ್ರ ಕಲಿಯುತ್ತದೆ: ಇವರ ಕಣ್ಣೆದುರು ಮಾಡಬಾರದು. ಆಮೇಲೆ ಅದು ದಿವಾನದ ಕೆಳಗೆ, ಕಪಾಟಿನ ಹಿಂದೆ ಜಾಗ ಹುಡುಕುತ್ತದೆ. ನೀವು ಹೊರಗೆ ಕರೆದೊಯ್ದು ಅರ್ಧ ತಾಸು ನಿಂತರೂ ನಿಮ್ಮೆದುರು ಕೂಡ್ರದೆ, ಒಳಗೆ ಬಂದ ಕೂಡಲೇ ಮರೆಗೆ ಓಡುತ್ತದೆ. ಕಣ್ಣೆದುರೇ ಶುರುಮಾಡಿದರೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ಓಡಿ. ತಡವಾಗಿ ಕಂಡರೆ ಬಾಯಿ ಮುಚ್ಚಿಕೊಂಡು ಒರೆಸಿ.

ಒರೆಸುವುದರಲ್ಲೂ ವಿದ್ಯೆಯುಂಟು. ನಳಕ್ಕೆ ಮಲಪ್ರಭೆ ಬರಲು ದಿನಗಟ್ಟಲೆ ಕಾಯ್ದು, ಬ್ಯಾರಲ್ ತುಂಬಿಟ್ಟುಕೊಳ್ಳುವುದನ್ನು ಕಲಿತ ಊರಿದು. ಕೊಡಗಟ್ಟಲೆ ಸುರಿದು ತೊಳೆಯುವ ಮಾತು ಇಲ್ಲಿ ನಡೆಯದು. ಮೊದಲು ಹಳೆಯ ಪತ್ರಿಕೆಯಿಂದ ಒತ್ತಿ ಹೀರಿಸಿ. ಆಮೇಲೆ ಬಟ್ಟೆ ಸೋಪಿನ ಪುಡಿ ಕದಡಿದ ಒಂದು ತಂಬಿಗೆ ನೀರು. ಕೊನೆಗೆ ಅಡಿಗೆಯ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಸವರಿ, ಒಣಗಲು ಬಿಡಿ. ಕಡಪಾ ಕಲ್ಲು, ಮಾರ್ಬಲ್ಲಿಗೆ ಮಾತ್ರ ವಿನೆಗರ್ ಬೇಡ, ಕಲೆಯಾಗುತ್ತದೆ. ಫಿನೈಲಿನ ಘಾಟು ನಮ್ಮ ಮೂಗನ್ನು ಮೋಸಗೊಳಿಸುತ್ತದೆ, ನಾಯಿಯದನ್ನಲ್ಲ. ಅದರ ಕೆಳಗಿನ ಹಳೆಯ ವಾಸನೆ ಮರಿಗೆ ಸಿಗುತ್ತಲೇ ಇರುತ್ತದೆ. ಜೊತೆಗೆ ಫಿನೈಲು ಮೆಟ್ಟಿದ ಕಾಲನ್ನು ಮರಿ ನೆಕ್ಕುತ್ತದೆ. ಮೂತ್ರದ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಬೇಡಿ, ಹೊಮ್ಮುವ ಅನಿಲ ಕಣ್ಣು-ಗಂಟಲಿಗೆ ಕೆಟ್ಟದ್ದು.

ಬೀದಿಗೆ ಒಯ್ಯಬೇಕೇ?

ಇಲ್ಲೊಂದು ಇಕ್ಕಟ್ಟಿದೆ. ಹೊರಗೆ ಹೋಗುವುದನ್ನು ಕಲಿಸಬೇಕಾದ ತಿಂಗಳುಗಳಲ್ಲೇ ಬೀದಿಯ ನೆಲ ಮರಿಗೆ ಅಪಾಯಕಾರಿ. 1978ರ ಸುಮಾರಿಗೆ ಜಗತ್ತಿನಲ್ಲೆಲ್ಲ ಕಾಣಿಸಿಕೊಂಡ ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ವಾಂತಿ, ರಕ್ತಭೇದಿ ಹತ್ತಿದ ಎಳೆಯ ಮರಿ ಎರಡು-ಮೂರು ದಿನದಲ್ಲಿ ಕೈಬಿಟ್ಟುಹೋಗಬಹುದು. ಆರರಿಂದ ಎಂಟನೆಯ ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಈ ಸುತ್ತು ಮುಗಿಯುವವರೆಗೆ ಸ್ವಂತ ಅಂಗಳ, ಮಾಳಿಗೆ ಅಥವಾ ಮಣ್ಣಿನ ಟಬ್ಬು ಸಾಕು. ಹಾಗೆಂದು ಮನೆಯೊಳಗೇ ಬಚ್ಚಿಡಬೇಡಿ. ಮೂರರಿಂದ ಹದಿನಾಲ್ಕನೆಯ ವಾರದೊಳಗೆ ಕಂಡದ್ದಕ್ಕೆ ನಾಯಿ ಮುಂದೆ ಹೆದರುವುದಿಲ್ಲ. ಸಂಜೆ ಎತ್ತಿಕೊಂಡು ಓಣಿಯ ತುದಿಯವರೆಗೆ ಹೋಗಿ ಆಟೋ, ಆಕಳು, ಬ್ಯಾಂಡು ಎಲ್ಲವನ್ನೂ ತೋರಿಸಿ ತನ್ನಿ.

ಓಣಿಯಿಂದ ಎತ್ತಿ ತಂದ ಮರಿಯಾದರೆ ಮಕ್ಕಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿಡಬೇಕು. ಮರಿ ಕಚ್ಚಿದರೂ, ಹಲ್ಲು-ಉಗುರು ತಾಗಿ ಚರ್ಮ ಗೀರಿದರೂ ಬಚ್ಚಿಡಬಾರದು. ಅರಿಷಿಣ, ಸುಣ್ಣ ಹಚ್ಚದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು. ‘ಸಣ್ಣ ಕುನ್ನಿ, ಅದಕ್ಕೇನ್ ಆಗಿರ್ತದ’ ಎಂಬ ಮಾತು ಇಲ್ಲಿ ನಡೆಯದು. ಮರಿಗೂ ರೇಬಿಸ್ ಬರುತ್ತದೆ, ಬಂದ ಮೇಲೆ ಮನುಷ್ಯನಿಗೂ ನಾಯಿಗೂ ಔಷಧವಿಲ್ಲ. ಬಯ್ಯಿಸಿಕೊಳ್ಳುವ ಭಯಕ್ಕೆ ಮಗು ಗಾಯ ಮುಚ್ಚಿಟ್ಟರೆ ಆಪತ್ತು ಮನೆಯೊಳಗೇ ಕುಳಿತಂತೆ.

ಇಷ್ಟೆಲ್ಲ ಓದಿದ ಮೇಲೆ ‘ಕೀಲಿಕೈ ಕೊಡಲು ಯಾರೂ ಇಲ್ಲ, ರಜೆಯೂ ಇಲ್ಲ’ ಎನ್ನುವ ಮನೆಯವರು ಮರಿಯನ್ನು ತರದಿರುವುದೇ ಅದಕ್ಕೆ ಮಾಡುವ ಉಪಕಾರ. ಅಂಥವರಿಗೆ ವರ್ಷ ದಾಟಿದ ನಾಯಿ ಒಳ್ಳೆಯದು. ಆರೆಂಟು ತಾಸು ತಡೆಯುವ ಶಕ್ತಿ ಅದಕ್ಕಿರುತ್ತದೆ, ಹೊಸ ಮನೆಯ ರೀತಿಯನ್ನು ಎರಡು-ಮೂರು ವಾರದಲ್ಲಿ ಹಿಡಿಯುವ ನಾಯಿಗಳೇ ಹೆಚ್ಚು. ದಿನಾ ಗೇಟಿನ ಮುಂದೆ ಮಲಗುವ ಓಣಿಯ ನಾಯಿ ಎಷ್ಟೋ ಸಲ ಅರ್ಜಿ ಹಾಕಿಕೊಂಡೇ ಕುಳಿತಿರುತ್ತದೆ.

ತಂದವರು ಆರು ತಿಂಗಳ ತಾಳ್ಮೆ ಇಟ್ಟುಕೊಳ್ಳಬೇಕು. ನಾಲ್ಕನೆಯ ತಿಂಗಳಿಗೆ ಕಲಿತಿತೆಂದು ನೆಂಟರಿಗೆಲ್ಲ ಹೇಳಿಕೊಂಡ ಮೇಲೆ ಐದನೆಯ ತಿಂಗಳಲ್ಲಿ ಮತ್ತೆ ತಪ್ಪುವುದುಂಟು. ಪೂರ್ತಿ ಕಲಿತ ನಾಯಿ ಇದ್ದಕ್ಕಿದ್ದಂತೆ ಪದೇ ಪದೇ ಒಳಗೇ ಮಾಡತೊಡಗಿದರೆ ಮೂತ್ರನಾಳದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ. ಬೇಸಿಗೆಯ ರಜೆಯಲ್ಲಿ ಕಲಿಸಿದವರಿಗೆ ಇನ್ನೊಂದು ಪರೀಕ್ಷೆ ಜುಲೈನಲ್ಲಿ ಕಾದಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ, ಒಣಮಣ್ಣಿನಲ್ಲಿ ಕಲಿತ ಮರಿ ಹೊಸ್ತಿಲಲ್ಲಿ ನಿಂತು ಒಂದು ಕಾಲು ಚಾಚಿ, ಒದ್ದೆ ತಗುಲಿದ ಕೂಡಲೇ ಹಿಂದಕ್ಕೆಳೆದು ನಿಮ್ಮ ಮುಖ ನೋಡುತ್ತದೆ. ಜೂನ್ ಹುಟ್ಟುವ ಮೊದಲೇ ಹಿತ್ತಲಿನ ಆ ಮೂಲೆಗೊಂದು ತಗಡು ಹೊದಿಸಿ, ಕೆಳಗೆ ನಾಲ್ಕು ಬುಟ್ಟಿ ಒಣ ಉಸುಕು ಹಾಕಿಟ್ಟುಕೊಳ್ಳಿ.